ಅಡಿಟಿಪ್ಪಣಿ ಹೊತ್ತ ಸುಳ್ಳು

2001ರ ಜನವರಿ 15ರಂದು ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಇಂಗ್ಲಿಷ್ ವಿಕಿಪೀಡಿಯ ಶುರು ಮಾಡಿದಾಗ ಅದಕ್ಕೆ ಬಾಗಿಲೂ ಇರಲಿಲ್ಲ, ಚಿಲಕವೂ ಇರಲಿಲ್ಲ. ಯಾರು ಬೇಕಾದರೂ ಬರೆಯಬಹುದು ಎಂದ ಮೇಲೆ ಯಾರು ಬೇಕಾದರೂ ಕೆಡಿಸಲೂಬಹುದು. ಆದರೂ ಅದು ಉಳಿಯಿತು. ಪ್ರತಿ ಪುಟದ ಹಳೆಯ ಪಾಠಗಳೆಲ್ಲ ‘ಇತಿಹಾಸ’ದಲ್ಲಿ ಇದ್ದೇ ಇರುತ್ತವೆ, ಕಿಡಿಗೇಡಿ ಕೂತು ಕೆಡಿಸಿದ್ದನ್ನು ಒಂದೇ ಕ್ಲಿಕ್ಕಿನಲ್ಲಿ ರದ್ದು ಮಾಡಬಹುದು.

ನಾನು ವೃತ್ತಿಯಿಂದ ಗ್ರಂಥಪಾಲಕಿ. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ರಾತ್ರಿ ಊಟವಾದ ಮೇಲೆ ಅದರ ‘ಇತ್ತೀಚೆಗಿನ ಬದಲಾವಣೆಗಳು’ ಪುಟ ತೆರೆದು ಕೂರುವುದು ನನ್ನ ರೂಢಿ. ಸೇರಿಸಿದ್ದರೆ ಹಸಿರು ಅಂಕಿ, ಕಿತ್ತಿದ್ದರೆ ಕೆಂಪು. ಲೆಕ್ಕ ಬೈಟುಗಳಲ್ಲಿ, ನಮ್ಮ ಲಿಪಿಯ ಒಂದೊಂದು ಚಿಹ್ನೆಗೂ ಮೂರು ಬೈಟು, ಹಾಗಾಗಿ ನಾಲ್ಕು ಸಾಲು ಕಿತ್ತರೂ ಕೆಂಪು ಅಂಕಿ ದೊಡ್ಡದಾಗಿಯೇ ಕಾಣುತ್ತದೆ. ಕವಿಯ ಜಾತಿ ತಿದ್ದಿದವರು, ತಾಲ್ಲೂಕಿನ ಪುಟಕ್ಕೆ ಲಾಡ್ಜಿನ ಫೋನ್ ನಂಬರ್ ಸೇರಿಸಿದವರು, ನೆಚ್ಚಿನ ನಟನಿಗೆ ಇಲ್ಲದ ಬಿರುದು ಕೊಟ್ಟವರು – ಇವರೆಲ್ಲ ಸುಲಭದ ಗಿರಾಕಿಗಳು. ರದ್ದು ಮಾಡಿ, ಅವರ ಚರ್ಚಾಪುಟದಲ್ಲಿ ಎರಡು ಮಾತು ಬರೆದರಾಯಿತು. ಜಗಳ ಬೆಳೆದರೆ ‘ಅರಳಿ ಕಟ್ಟೆ’ ಇದೆ. ನಮ್ಮ ವಿಕಿಪೀಡಿಯದ ಪಂಚಾಯಿತಿ ಪುಟಕ್ಕೆ ಅದೇ ಹೆಸರು.

ಕಷ್ಟ ಕೊಡುವುದು ಸಭ್ಯ ಭಾಷೆಯ ಸುಳ್ಳು. 2005ರ ಮೇ ತಿಂಗಳಲ್ಲಿ ಅಮೆರಿಕದ ಹಿರಿಯ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರ ಪುಟದಲ್ಲಿ, ಕೆನಡಿ ಸಹೋದರರ ಕೊಲೆಯಲ್ಲಿ ಅವರ ಮೇಲೂ ಶಂಕೆಯಿತ್ತು ಎಂದು ಯಾರೋ ಬರೆದರು. ಸೀಗೆಂಥಾಲರ್ ರಾಬರ್ಟ್ ಕೆನಡಿಯವರ ಸಹಾಯಕರಾಗಿದ್ದವರು. ಆ ಸಾಲು ನಾಲ್ಕು ತಿಂಗಳು ಹಾಗೇ ಇತ್ತು. ನವೆಂಬರಿನಲ್ಲಿ ಅವರು ‘ಯುಎಸ್‌ಎ ಟುಡೇ’ಯಲ್ಲಿ ಬರೆದ ಮೇಲೆ ಲೋಕಕ್ಕೆ ಗೊತ್ತಾಯಿತು. ನ್ಯಾಶ್‌ವಿಲ್‌ನ ಒಬ್ಬ ನೌಕರ ಸಹೋದ್ಯೋಗಿಯನ್ನು ಬೇಸ್ತು ಬೀಳಿಸಲು ಹೂಡಿದ ಆಟ ಅದು. ಆ ಡಿಸೆಂಬರಿನಲ್ಲೇ ಇಂಗ್ಲಿಷ್ ವಿಕಿಪೀಡಿಯದಲ್ಲಿ, ಖಾತೆಯಿಲ್ಲದವರು ಹೊಸ ಪುಟ ತೆರೆಯುವುದು ನಿಂತಿತು. ಮುಂದೆ ಯಂತ್ರಗಳೂ ಕಾವಲಿಗೆ ಬಂದವು: 2007ರಲ್ಲಿ ‘ಕ್ಲೂಬಾಟ್’, 2010ರಲ್ಲಿ, ಹಿಂದಿನ ತಿದ್ದುಪಡಿಗಳನ್ನು ನೋಡಿ ಕಲಿಯುವ ‘ಕ್ಲೂಬಾಟ್ ಎನ್‌ಜಿ’. ಬೈಗುಳವನ್ನು ಅವು ಕ್ಷಣದಲ್ಲಿ ಹಿಡಿಯುತ್ತವೆ.

ಬಿಚೋಲಿಮ್ ಮಾತ್ರ ಎಲ್ಲರ ಕಣ್ಣಿಗೂ ಮಣ್ಣೆರಚಿತು. ನಮ್ಮ ನೆರೆಯ ಗೋವಾದ ಆ ಊರಿನ ಹೆಸರಲ್ಲಿ, 1640–41ರಲ್ಲಿ ಪೋರ್ಚುಗೀಸರಿಗೂ ಮರಾಠಾ ಸಾಮ್ರಾಜ್ಯಕ್ಕೂ ಯುದ್ಧವಾಯಿತು ಎಂಬ ಉದ್ದನೆಯ ಲೇಖನ 2007ರಲ್ಲಿ ಇಂಗ್ಲಿಷ್ ವಿಕಿಪೀಡಿಯಕ್ಕೆ ಬಂತು. ಅಡಿಟಿಪ್ಪಣಿ, ಗ್ರಂಥಋಣ ಎಲ್ಲ ಇದ್ದವು. ‘ಉತ್ತಮ ಲೇಖನ’ ಎಂಬ ಮನ್ನಣೆಯೂ ಸಿಕ್ಕಿತು. 2012ರ ಕೊನೆಗೆ ಒಬ್ಬ ಸಂಪಾದಕರು ಆ ಪುಸ್ತಕಗಳನ್ನು ಹುಡುಕಹೊರಟರು, ಹಲವು ಎಲ್ಲೂ ಸಿಗಲಿಲ್ಲ. ಯುದ್ಧವೂ ಕಟ್ಟುಕತೆ. 1640ರಲ್ಲಿ ಶಿವಾಜಿ ಇನ್ನೂ ಬಾಲಕ, ಪಟ್ಟಾಭಿಷೇಕ ನಡೆದದ್ದು 1674ರಲ್ಲಿ. ಇಸವಿಯೊಂದನ್ನು ತಾಳೆ ನೋಡಿದ್ದರೂ ಅನುಮಾನ ಬರುತ್ತಿತ್ತು. ಐದು ವರ್ಷ ಯಾರೂ ನೋಡಲಿಲ್ಲ, ಅಡಿಟಿಪ್ಪಣಿಯಿದೆಯೆಂದು ಎಲ್ಲರೂ ನಂಬಿದರು.

ಕೊಳಕು ಮಾತು ಬರೆದವನಿಂದ ವಿಶ್ವಕೋಶ ಕೆಡುವುದಿಲ್ಲ. ಕೆಡುವುದು ಉಲ್ಲೇಖವನ್ನು ಎಣಿಸಿ ಸುಮ್ಮನಾಗುವ ನಮ್ಮಂಥ ಓದುಗರಿಂದ. ನಿಮ್ಮ ಊರಿನ ಪುಟವನ್ನು ಒಮ್ಮೆ ತೆರೆಯಿರಿ. ಅದರ ಕೆಳಗಿರುವ ಪುಸ್ತಕಗಳಲ್ಲಿ ಒಂದನ್ನಾದರೂ ಗ್ರಂಥಾಲಯದಲ್ಲಿ ಕೇಳಿ ನೋಡಿ. ಸಿಗದಿದ್ದರೆ ಚರ್ಚಾಪುಟದಲ್ಲಿ ಹಾಗೆಂದು ಬರೆಯಿರಿ. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ.