ಪುಕ್ಕಟೆ ಅಂಚೆಯಿಂದ ಬಂದ ಐಶ್ವರ್ಯ



ಕಡೂರು-ತರೀಕೆರೆ ಸೀಮೆಯ ಎಮ್ಮೆದೊಡ್ಡಿಗೆ ಚಿತ್ರೀಕರಣಕ್ಕೆ ಹೋಗಿದ್ದಾಗ ಮೋಡ ಕವಿದು, ಕ್ಯಾಮೆರಾಕ್ಕೆ ಬಟ್ಟೆ ಹೊದಿಸಿ ಸುಮ್ಮನೆ ಕೂರಬೇಕಾಯಿತು. ಸುತ್ತ ನೆರೆದ ಪಿ.ಯು.ಸಿ. ಹುಡುಗರಿಗೆ ನಮ್ಮ ಮುಂದಿನ ಮಾತುಕತೆಯ ವಿಷಯ ತಿಳಿಸಿದೆ: ಇ-ಮೇಲ್‌ನಿಂದ ಶ್ರೀಮಂತನಾದ, ಬೆಂಗಳೂರಿನಲ್ಲಿ ಬೆಳೆದ ಹುಡುಗನೊಬ್ಬನ ಕಥೆ. ಒಬ್ಬ ಕೂಡಲೇ ಕೇಳಿದ: “ಇ-ಮೇಲ್ ಪುಕ್ಕಟೆ ಅಲ್ವಾ ಸಾರ್? ಪುಕ್ಕಟೆ ಕೊಟ್ಟವರಿಗೆ ದುಡ್ಡು ಎಲ್ಲಿಂದ ಬಂತು?”

ನಾನು ಬರೆದಿಟ್ಟುಕೊಂಡಿದ್ದ ಟಿಪ್ಪಣಿಯಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಆದ್ದರಿಂದ ಇಲ್ಲಿ ಅಲ್ಲಿಂದಲೇ ಆರಂಭಿಸುತ್ತೇನೆ.

ದೊಡ್ಡಿ ಎಂದರೆ ದನಕರುಗಳನ್ನು ಕೂಡುವ ಜಾಗ ಎಂಬುದು ನಿಮಗೆ ಗೊತ್ತು. ಪಕ್ಕದ ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ಸಂವರ್ಧನಾ ಕೇಂದ್ರವಿದೆ. ಇಂಥ ಸೀಮೆಯಲ್ಲಿ ಮನೆತನದ ಸ್ಥಿತಿವಂತಿಕೆಯನ್ನು ಕೊಟ್ಟಿಗೆಯ ದನಗಳ ತಲೆ ಎಣಿಸಿ ಹೇಳುತ್ತಿದ್ದ ಕಾಲವೊಂದಿತ್ತು. ನಾನು ಹೇಳಹೊರಟ ಐಶ್ವರ್ಯವೂ ತಲೆ ಎಣಿಸಿಯೇ ಆದದ್ದು. ಎಣಿಸಿದ್ದು ಮಾತ್ರ ಮನುಷ್ಯರ ತಲೆಗಳನ್ನು.

ಸಬೀರ್ ಭಾಟಿಯಾ ಹುಟ್ಟಿದ್ದು 1968ರಲ್ಲಿ, ಚಂಡೀಗಢದಲ್ಲಿ. ತಂದೆ ಸೈನ್ಯದಲ್ಲಿದ್ದವರು, ತಾಯಿ ಬ್ಯಾಂಕ್ ಉದ್ಯೋಗಿ. ಬೆಳೆದದ್ದು ಬೆಂಗಳೂರಿನಲ್ಲಿ, ಸೇಂಟ್ ಜೋಸೆಫ್ಸ್ ಬಾಲಕರ ಪ್ರೌಢಶಾಲೆಯ ವಿದ್ಯಾರ್ಥಿ. ಪಿಲಾನಿಯಲ್ಲಿ ಓದುತ್ತಿದ್ದಾಗಲೇ ಅಮೆರಿಕದ ಕ್ಯಾಲ್‌ಟೆಕ್‌ಗೆ ಪ್ರವೇಶ ದೊರೆತು 1988ರಲ್ಲಿ ಅಲ್ಲಿಗೆ ಹೋದರು. ಸ್ಟ್ಯಾನ್‌ಫರ್ಡ್‌ನಲ್ಲಿ ಸ್ನಾತಕೋತ್ತರ ಪದವಿ, ಆಮೇಲೆ ಆಪಲ್ ಕಂಪನಿಯಲ್ಲಿ ಕೆಲಸ. ಅಲ್ಲಿ ಜೊತೆಯಾದವರು ಜಾಕ್ ಸ್ಮಿತ್. ನಮ್ಮ ಪತ್ರಿಕೆಗಳು ಭಾಟಿಯಾ ಹೆಸರನ್ನು ದೊಡ್ಡಕ್ಷರದಲ್ಲಿ ಅಚ್ಚು ಹಾಕಿ ಈ ಸ್ಮಿತ್‌ರನ್ನು ಮರೆತದ್ದೇ ಹೆಚ್ಚು. ನೀವು ಮರೆಯಬೇಡಿ. ಮೂಲ ಉಪಾಯ ಹೊಳೆದದ್ದು ಅವರಿಗೇ ಎನ್ನುತ್ತಾರೆ.

ಉಪಾಯ ಹುಟ್ಟಿದ್ದು ಒಂದು ಸಣ್ಣ ತೊಂದರೆಯಿಂದ. ಇಬ್ಬರೂ ಮುಂದೆ ಸೇರಿದ ಕಂಪನಿಯಲ್ಲಿ ಹೊರಗಿನ ಸಂಪರ್ಕಕ್ಕೆ ತಡೆಗೋಡೆ ಹಾಕಿದ್ದರು. ಹಾಗಾಗಿ ಕಚೇರಿಯಲ್ಲಿ ಕುಳಿತು ತಮ್ಮ ಸ್ವಂತ ಇ-ಮೇಲ್ ನೋಡುವಂತಿರಲಿಲ್ಲ. ಆದರೆ ಜಾಲತಾಣಗಳ ಪುಟಗಳು ಮಾತ್ರ ತೆರೆಯುತ್ತಿದ್ದವು. ಅಂಚೆಯನ್ನೇ ಒಂದು ಪುಟವಾಗಿ ತೋರಿಸಿದರೆ? ಆಗ ಪತ್ರಗಳು ನಿಮ್ಮ ಗಣಕದಲ್ಲಿ ಇರಬೇಕಾಗಿಲ್ಲ. ದೂರದ ಗಣಕದಲ್ಲಿ ಇರುತ್ತವೆ, ನೀವು ಯಾವ ಊರಿನ ಯಾವ ಯಂತ್ರದಿಂದ ಬೇಕಾದರೂ ಹೆಸರು, ಗುಪ್ತಪದ ಕೊಟ್ಟು ಓದಬಹುದು. ಇಂದು ಇದರಲ್ಲೇನು ವಿಶೇಷ ಎನಿಸೀತು. ಭಾರತದಲ್ಲಿ ವಿ.ಎಸ್.ಎನ್.ಎಲ್. ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟದ್ದೇ 1995ರ ಆಗಸ್ಟ್ 15ರಂದು ಎಂಬುದನ್ನು ನೆನಪಿಡಿ. ಸ್ವಂತ ಗಣಕ, ದೂರವಾಣಿ, ಚಂದಾ ಈ ಮೂರೂ ಇದ್ದವರಿಗಷ್ಟೇ ಇ-ಮೇಲ್ ಎಂಬ ಕಾಲ. ವಿಜ್ಞಾನ ಪದವಿಯ ವಿದ್ಯಾರ್ಥಿಯಾಗಿ ನಾನು ಸೈಬರ್ ಕೆಫೆಯ ಪ್ಲೈವುಡ್ ಗೂಡಿನಲ್ಲಿ, ಗಂಟೆಯ ಲೆಕ್ಕದಲ್ಲಿ ಹಣ ತೆತ್ತು ನನ್ನ ಮೊದಲ ವಿಳಾಸ ಪಡೆದೆ. ಮನೆಗೆ ದೂರವಾಣಿ ಇರಲಿಲ್ಲ, ಆದರೂ ಜಗತ್ತಿನಲ್ಲಿ ನನಗೊಂದು ವಿಳಾಸವಿತ್ತು!

ಬಂಡವಾಳ ಸುಲಭವಾಗಿ ಸಿಗಲಿಲ್ಲ. ಹೂಡಿಕೆದಾರರು ಒಬ್ಬರಾದ ಮೇಲೊಬ್ಬರು ಬಾಗಿಲು ಮುಚ್ಚಿದರು. ಕೊನೆಗೆ ಡ್ರೇಪರ್ ಫಿಶರ್ ಜರ್ವೆಟ್‌ಸನ್ ಎಂಬ ಸಂಸ್ಥೆ ಶೇಕಡಾ 15ರ ಪಾಲಿಗೆ 3 ಲಕ್ಷ ಡಾಲರ್ ಕೊಟ್ಟಿತು. ಲೆಕ್ಕ ಹಾಕಿ: 15 ಪಾಲಿಗೆ 3 ಲಕ್ಷವಾದರೆ ಇಡೀ ಕಂಪನಿಯ ಬೆಲೆ 20 ಲಕ್ಷ ಡಾಲರ್. 1996ರ ಜುಲೈ 4ರಂದು ಹಾಟ್‌ಮೇಲ್ ತೆರೆಯಿತು. ಜಾಲಪುಟ ಬರೆಯುವ ಎಚ್.ಟಿ.ಎಂ.ಎಲ್. ಭಾಷೆಯ ನಾಲ್ಕು ಅಕ್ಷರಗಳನ್ನು ಆ ಹೆಸರಿನೊಳಗೆ ಜಾಣತನದಿಂದ ಅಡಗಿಸಿದ್ದರು.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಹೂಡಿಕೆದಾರ ಟಿಮ್ ಡ್ರೇಪರ್ ಒಂದು ಸಲಹೆ ಕೊಟ್ಟರು: ಹೋಗುವ ಪ್ರತಿ ಪತ್ರದ ಕೆಳಗೂ ‘ನೀವೂ ಪುಕ್ಕಟೆ ಇ-ಮೇಲ್ ಪಡೆಯಿರಿ’ ಎಂಬರ್ಥದ ಒಂದು ಸಾಲು ಸೇರಿಸಿ. ಬೇರೆಯವರ ಖಾಸಗಿ ಪತ್ರದಲ್ಲಿ ಜಾಹೀರಾತೇ ಎಂದು ಸ್ಥಾಪಕರು ಮೊದಲು ಹಿಂಜರಿದರು. ಆಮೇಲೆ ಒಪ್ಪಿದರು. ಅಲ್ಲಿಂದ ಪತ್ರ ಬರೆದವರೆಲ್ಲ ತಮಗೆ ತಿಳಿಯದೆಯೇ ಕಂಪನಿಯ ಪ್ರಚಾರಕರಾದರು. ಕಂಪನಿ ಪ್ರಚಾರವನ್ನೇ ಮಾಡದ ಭಾರತ, ಸ್ವೀಡನ್ ದೇಶಗಳಲ್ಲೂ ಹಾಟ್‌ಮೇಲ್ ಹಬ್ಬಿತು. ವಿಳಾಸ ಪಡೆಯುವಾಗ ತುಂಬುವ ನಮೂನೆಯಲ್ಲಿ ವಯಸ್ಸು, ಉದ್ಯೋಗ, ಊರು ಬರೆದುಕೊಡುತ್ತಿದ್ದೆವಲ್ಲ, ಅದು ಜಾಹೀರಾತುದಾರರಿಗೆ ಬೇಕಾದ ಮಾಹಿತಿ. ಅಂಚೆಯ ಪುಟದಲ್ಲಿ ಜಾಹೀರಾತಿನ ಪಟ್ಟಿಗಳಿರುತ್ತಿದ್ದವು. ನಾವು ಟೆಲಿವಿಷನ್ನಿನವರು ಎಷ್ಟು ಮನೆಗಳಲ್ಲಿ ನಮ್ಮ ಕಾರ್ಯಕ್ರಮ ನೋಡಿದರು ಎಂದು ಎಣಿಸುತ್ತೇವೆ. ಇಲ್ಲಿ ಅದೇ ಎಣಿಕೆ, ಆದರೆ ಹೆಸರು ಸಮೇತ.

ಒಂದೂವರೆ ವರ್ಷದಲ್ಲಿ ಬಳಕೆದಾರರು ಸುಮಾರು 85 ಲಕ್ಷ. 1997ರ ಡಿಸೆಂಬರ್ ಕೊನೆಯಲ್ಲಿ ಮೈಕ್ರೋಸಾಫ್ಟ್ ಕಂಪನಿಯು ಹಾಟ್‌ಮೇಲ್ ಅನ್ನು ಕೊಂಡಿತು. ಕೊಟ್ಟದ್ದು ತನ್ನ ಷೇರುಗಳನ್ನು. ಬೆಲೆ ಸುಮಾರು 40 ಕೋಟಿ ಡಾಲರ್. ಭಾಟಿಯಾರಿಗೆ ಆಗ ವಯಸ್ಸು 29. ಇಷ್ಟೂ ಅವರೊಬ್ಬರ ಜೇಬಿಗೆ ಬಂತೆಂದು ತಿಳಿಯಬೇಡಿ. ಸ್ಮಿತ್, ಹೂಡಿಕೆದಾರರು, ಷೇರು ಪಡೆದಿದ್ದ ನೌಕರರು ಎಲ್ಲರ ಪಾಲೂ ಅದರಲ್ಲಿತ್ತು.

ಮೈಕ್ರೋಸಾಫ್ಟ್‌ಗೆ ಬೇಕಾದದ್ದು ತಂತ್ರಾಂಶ ಮಾತ್ರವೇ? ತಂತ್ರಾಂಶವನ್ನು ಅದು ತಾನೇ ಬರೆಯಬಲ್ಲದಾಗಿತ್ತು. ಸಿದ್ಧವಾಗಿ ಸಿಗದಿದ್ದುದು ಆ 85 ಲಕ್ಷ ಜನ. 40 ಕೋಟಿಯನ್ನು 85 ಲಕ್ಷದಿಂದ ಭಾಗಿಸಿದರೆ ತಲೆಗೆ 47 ಡಾಲರ್. ಆಗಿನ ವಿನಿಮಯ ದರದಲ್ಲಿ ಸುಮಾರು 1,800 ರೂಪಾಯಿ. ಹುಡುಗರಿಗೆ ಈ ಲೆಕ್ಕ ಹೇಳಿದಾಗ ಹಿಂದಿನಿಂದ ಒಬ್ಬ ಕೂಗಿದ: “ಎಮ್ಮೆಗಿಂತ ಅಗ್ಗ ಸಾರ್!” ಎಲ್ಲರೂ ನಕ್ಕರು. ನಾನೂ ನಕ್ಕೆ, ಆ 85 ಲಕ್ಷದ ಲೆಕ್ಕ ಮುಗಿದ ಮೇಲೆ ಅದೇ ಸಾಲಿನಲ್ಲಿ ಹೋಗಿ ನಿಂತವನು ನಾನು ಎಂಬುದು ಆಮೇಲೆ ಹೊಳೆಯಿತು.

ಷೇರಿನ ರೂಪದ ಐಶ್ವರ್ಯವನ್ನು ಕುರಿತು ಒಂದು ಮಾತು. ನಮ್ಮ ಹುಬ್ಬಳ್ಳಿಯವರೇ ಆದ ಗುರುರಾಜ ದೇಶಪಾಂಡೆಯವರು ಇಂಟರ್‌ನೆಟ್ ಮಾಹಿತಿಯನ್ನು ಬೆಳಕಿನ ತಂತುಗಳಲ್ಲಿ ಸಾಗಿಸುವ ಉಪಕರಣಗಳ ಸಿಕಮೋರ್ ಕಂಪನಿಯನ್ನು ಕಟ್ಟಿದವರು. 1999ರ ಅಕ್ಟೋಬರ್‌ನಲ್ಲಿ ಅದರ ಷೇರು ಮಾರುಕಟ್ಟೆಗೆ ಬಂದಾಗ ನಿಗದಿಯಾದ ಬೆಲೆ 38 ಡಾಲರ್. ಅಂದೇ ಸಂಜೆ ಸುಮಾರು 185. ಪತ್ರಿಕೆಗಳು ಅವರನ್ನು ಅತಿ ಶ್ರೀಮಂತರ ಸಾಲಿಗೆ ಸೇರಿಸಿದವು. 2002ರ ಹೊತ್ತಿಗೆ ಅದೇ ಷೇರು ಮೂರು ನಾಲ್ಕು ಡಾಲರಿನ ಆಸುಪಾಸಿನಲ್ಲಿತ್ತು. ಷೇರಿನ ಸಂಖ್ಯೆಯನ್ನು ಆ ದಿನದ ಬೆಲೆಯಿಂದ ಗುಣಿಸಿ ‘ಸಂಪತ್ತು’ ಎಂದು ಬರೆಯುತ್ತಾರೆ. ಸಂತೆಯಲ್ಲಿ ಒಂದು ಹೋರಿ ಹೆಚ್ಚಿನ ಬೆಲೆಗೆ ಹೋಯಿತೆಂದು ಮನೆಯ ಹತ್ತು ಹೋರಿಗೂ ಅದೇ ಬೆಲೆ ಬರೆದುಕೊಂಡಂತೆ ಇದು. ದೇಶಪಾಂಡೆಯವರು ಗಳಿಸಿದ್ದರಲ್ಲಿ ಒಂದು ಪಾಲು ಹುಬ್ಬಳ್ಳಿಯಲ್ಲಿ ಅವರ ಪ್ರತಿಷ್ಠಾನದ ಕೆಲಸಗಳಿಗೆ ಬಂದಿದೆ. ನೀವು ಹೋಗಿ ನೋಡಬಹುದು.

ಭಾಟಿಯಾ 1999ರಲ್ಲಿ ಮೈಕ್ರೋಸಾಫ್ಟ್ ಬಿಟ್ಟರು. ಆಮೇಲೆ ತೆರೆದ ಆರ್ಜೂ 2001ರಲ್ಲಿ ಮುಚ್ಚಿತು. ಇನ್ನೂ ಕೆಲವು ಸಾಹಸಗಳನ್ನು ಮಾಡಿದರು. ಯಾವುದೂ ಹಾಟ್‌ಮೇಲ್ ಆಗಲಿಲ್ಲ. 2004ರಲ್ಲಿ ಗೂಗಲ್ ಕಂಪನಿ ಜಿಮೇಲ್ ತಂದು, ಹಾಟ್‌ಮೇಲ್ ಕೊಡುತ್ತಿದ್ದ 2 ಮೆಗಾಬೈಟ್ ಜಾಗದ ಎದುರಿಗೆ 1 ಗಿಗಾಬೈಟ್ ಕೊಟ್ಟಿತು. 2013ರಲ್ಲಿ ಹಾಟ್‌ಮೇಲ್ ಔಟ್‌ಲುಕ್‌ನಲ್ಲಿ ಲೀನವಾಯಿತು, ಹಳೆಯ ವಿಳಾಸಗಳು ಉಳಿದವು.

ಎಮ್ಮೆದೊಡ್ಡಿಯಲ್ಲಿ ಮೋಡ ಸರಿದು ಬಿಸಿಲು ಬಂತು. ಕ್ಯಾಮೆರಾದವರು ಅವಸರ ಮಾಡಿದರು. ಮೊದಲು ಪ್ರಶ್ನೆ ಕೇಳಿದ್ದ ಹುಡುಗ ಭಾಗಾಕಾರವನ್ನು ತನ್ನ ಮೊಬೈಲಿನಲ್ಲಿ ಇನ್ನೊಮ್ಮೆ ಮಾಡಿ ನೋಡುತ್ತಿದ್ದ. “ಅದು 1997ರ ರೇಟು ಸಾರ್. ಈಗ ನಂದೆಷ್ಟು?” ಎಂದ.

ಮುಂದಿನ ಕಂತಿಗೆ ಅವನನ್ನೇ ಸ್ಟುಡಿಯೋಗೆ ಕರೆದಿದ್ದೇನೆ.