ನಿಮ್ಮ ವೈಫೈಗೆ ಯಾರೆಲ್ಲ ಸೇರಿಕೊಂಡಿದ್ದಾರೆ? ಹೀಗೆ ಪತ್ತೆ ಮಾಡಿ

ಮಂಗಳೂರಿನ ಫ್ಲಾಟು, ಪಿಜಿಗಳಲ್ಲಿ ಒಬ್ಬರ ವೈಫೈ ಗೋಡೆಯಾಚೆಗೂ ಸಿಗುತ್ತದೆ. ಪಾಸ್‌ವರ್ಡ್ ಗೊತ್ತಿದ್ದರೆ ಯಾರು ಬೇಕಾದರೂ ಸೇರಿಕೊಳ್ಳಬಹುದು.

ನೋಡುವುದು ಹೇಗೆ?
ರೂಟರ್‌ನ ಸ್ಟಿಕ್ಕರ್‌ನಲ್ಲಿರುವ ವಿಳಾಸವನ್ನು (ಸಾಮಾನ್ಯವಾಗಿ 192.168.1.1) ಬ್ರೌಸರ್‌ನಲ್ಲಿ ಟೈಪ್ ಮಾಡಿ ಲಾಗಿನ್ ಆದರೆ, ಸೇರಿಕೊಂಡ ಸಾಧನಗಳ ಪಟ್ಟಿ ಸಿಗುತ್ತದೆ. ಫಿಂಗ್‌ನಂಥ ಆ್ಯಪ್‌ಗಳು ಮನೆಯ ನೆಟ್‌ವರ್ಕ್‌ನ ಎಲ್ಲ ವಿಳಾಸಗಳನ್ನೂ ಕರೆದು, ಓಗೊಟ್ಟವನ್ನು ತೋರಿಸುತ್ತವೆ.

ಗೊತ್ತಿಲ್ಲದ ಹೆಸರಿದ್ದರೆ ಹ್ಯಾಕ್ ಆಗಿದೆಯೇ?
ಹಾಗೇನಿಲ್ಲ. ಆಂಡ್ರಾಯ್ಡ್ 10, ಐಒಎಸ್ 14ರಿಂದೀಚೆಗೆ ಫೋನ್‌ಗಳು ನಿಜವಾದ ಮ್ಯಾಕ್ ವಿಳಾಸದ ಬದಲು ಬೇರೊಂದು ವಿಳಾಸ ಕೊಡುತ್ತವೆ. ಹಾಗಾಗಿ ಅದು ನಿಮ್ಮದೇ ಫೋನ್ ಇರಬಹುದು. ನೋಡುತ್ತಿರುವ ಫೋನ್ ಬಿಟ್ಟು ಮನೆಯ ಟಿವಿ, ಸಿಸಿಟಿವಿ, ಮೊಬೈಲ್‌ಗಳನ್ನು ಒಂದೊಂದಾಗಿ ಆಫ್ ಮಾಡಿ ಪಟ್ಟಿ ರಿಫ್ರೆಶ್ ಮಾಡಿ. ಆಮೇಲೂ ಉಳಿದದ್ದರ ಮೇಲೆ ಅನುಮಾನಪಡಿ.

ಹೊರಗಿನವರು ಸೇರಿದರೆ ಏನಾಗುತ್ತದೆ?
ಅಷ್ಟಕ್ಕೇ ಅವರಿಗೆ ನಿಮ್ಮ ವಾಟ್ಸ್ಆ್ಯಪ್ ಸಂದೇಶ ಕಾಣುವುದಿಲ್ಲ. ಆದರೆ ಅವರು ಮಾಡಿದ್ದು ನಿಮ್ಮ ಕನೆಕ್ಷನ್‌ನ ಲೆಕ್ಕಕ್ಕೇ ಬೀಳುತ್ತದೆ. 2008ರ ಜುಲೈ 26ರಂದು ಅಹಮದಾಬಾದ್ ಸ್ಫೋಟಕ್ಕೆ ಸ್ವಲ್ಪ ಮೊದಲು ಬಂದ ಬೆದರಿಕೆ ಇಮೇಲ್‌ನ ಜಾಡು ಪೊಲೀಸರನ್ನು ನವಿ ಮುಂಬೈನ ಮನೆಯೊಂದರ ರಕ್ಷಣೆಯಿಲ್ಲದ ವೈಫೈಗೆ ಕರೆದೊಯ್ದಿತ್ತು. ವಿಚಾರಣೆ ಎದುರಿಸಿದ್ದು ಆ ಮನೆಯವರು.

ಏನು ಮಾಡಬೇಕು?
ವೈಫೈ ಪಾಸ್‌ವರ್ಡ್ ಬದಲಿಸಿ, ರೂಟರ್‌ನ ಲಾಗಿನ್ ಪಾಸ್‌ವರ್ಡನ್ನೂ ಬದಲಿಸಿ. ಭದ್ರತೆ ಡಬ್ಲ್ಯೂಪಿಎ2 ಅಥವಾ 3 ಇರಲಿ, ಡಬ್ಲ್ಯೂಪಿಎಸ್ ಆಫ್ ಇರಲಿ. ಪಾಸ್‌ವರ್ಡ್ ಬದಲಾದರೆ ಎಲ್ಲ ಸಾಧನಗಳೂ ಹೊರಬೀಳುತ್ತವೆ. ನಿಮ್ಮವನ್ನಷ್ಟೇ ಮತ್ತೆ ಸೇರಿಸಿಕೊಂಡರಾಯಿತು ಎನ್ನುವುದು ನಮ್ಮ ಸಲಹೆ.