ನೆಟ್‌ವ್ಯೂ: ಜಾಲದ ಸ್ಥಿತಿಯನ್ನು ತೋರುವ ಬಣ್ಣಗಳು

ಮದರಾಸಿನ ಐಐಟಿಯಲ್ಲಿ 1973ರಲ್ಲಿ ಐಬಿಎಂ 370/155 ಸ್ಥಾಪನೆಗೊಂಡಾಗಿನಿಂದ ನಮ್ಮ ಚೆನ್ನೈಗೆ ಮೇನ್‌ಫ್ರೇಮ್ ಗಣಕ ಚಿರಪರಿಚಿತ. ಇಂತಹ ಗಣಕಗಳಿಗೆ ಜೋಡಿಸಿದ ದೂರದ ಮಾರ್ಗ, ಟರ್ಮಿನಲ್ ಮೊದಲಾದ ಸಂಪನ್ಮೂಲಗಳ ಮೇಲೆ ನಿಗಾ ಇಡಲು ಐಬಿಎಂ ಸಂಸ್ಥೆ 1986ರಲ್ಲಿ ನೆಟ್‌ವ್ಯೂ ತಂತ್ರಾಂಶವನ್ನು ಪ್ರಕಟಿಸಿತು.

ಮುಂದೆ ಇದಕ್ಕೆ ಸೇರಿದ ಚಿತ್ರಫಲಕದಲ್ಲಿ ಪ್ರತಿ ಸಂಪನ್ಮೂಲಕ್ಕೂ ಒಂದು ಚಿಹ್ನೆಯಿದ್ದು, ಅದರ ಬಣ್ಣವೇ ಸ್ಥಿತಿಯನ್ನು ಸೂಚಿಸುತ್ತದೆ: ಹಸಿರು ಕ್ಷೇಮ, ಕೆಂಪು ಕೆಡುಕು. ಗಣಕವು ವರದಿ ಮಾಡುವ ಸ್ಥಿತಿಯನ್ನು ಯಾವ ವರ್ಗದಲ್ಲಿ ತೋರಿಸಬೇಕೆಂಬುದನ್ನು ಒಂದು ಕೋಷ್ಟಕ ನಿರ್ಧರಿಸುತ್ತದೆ. ನಿರ್ವಾಹಕರು ಇದನ್ನು ತಿದ್ದಬಹುದು. ಹಲವು ಮಾರ್ಗಗಳನ್ನು ಒಂದೇ ಚಿಹ್ನೆಯಡಿ ಕೂಡಿಸಿದಾಗ, ಎಷ್ಟು ಮಾರ್ಗಗಳು ಕೆಟ್ಟರೆ ಸಮೂಹದ ಬಣ್ಣ ಬದಲಾಗಬೇಕೆಂಬ ಮಿತಿಯನ್ನೂ ಗೊತ್ತುಪಡಿಸಬಹುದು.

ಈ ತಿದ್ದುಪಡಿ ಅಲಂಕಾರಕ್ಕಲ್ಲ. ಬ್ಯಾಂಕೊಂದರ ಶಾಖೆಯ ಮಾರ್ಗವನ್ನು ರಾತ್ರಿ ಉದ್ದೇಶಪೂರ್ವಕವಾಗಿ ನಿಲ್ಲಿಸುವ ವಾಡಿಕೆಯಿದ್ದರೆ, ಅದನ್ನು ಕೆಂಪಾಗಿ ತೋರಿಸುವುದು ತರವಲ್ಲ. ನಿತ್ಯವೂ ಕೆಂಪನ್ನೇ ಕಂಡ ಕಣ್ಣು ನಿಜವಾದ ಕೆಡುಕನ್ನೂ ಕಡೆಗಣಿಸೀತು. ಮಿತಿಯನ್ನು ತೀರ ಸಡಿಲಿಸಿದರೋ, ಒಂದು ಶಾಖೆಯ ವ್ಯವಹಾರವೇ ನಿಂತಿದ್ದರೂ ಸಮೂಹದ ಚಿಹ್ನೆ ಹಸಿರಾಗಿಯೇ ಉಳಿದೀತು. ಆದ್ದರಿಂದ ಪಾಳಿಯಲ್ಲಿರುವವರು ಕೂಡಲೇ ಗಮನಿಸಬೇಕಾದುದಕ್ಕೆ ಮಾತ್ರ ಕೆಂಪನ್ನು ಮೀಸಲಿಡುವುದೇ ಲೇಸು.